ಲಿಫ್ಟ್ ಮಲಗಿದ್ದ ಬೆಳಗುಗಳು

ನಿಮಗೆ ಎಂದಾದರೂ ಹೀಗಾಗಿದೆಯಾ? ಯಾರನ್ನೋ ವಾಕಿಂಗಿಗೆ ಎಬ್ಬಿಸುತ್ತೇನೆಂದು ಮಾತು ಕೊಟ್ಟು, ಅರ್ಧ ನಿದ್ದೆಯಲ್ಲಿ ಚಪ್ಪಲಿ ಹುಡುಕಿ, ಅವರ ಕೈ ಹಿಡಿದು ರಸ್ತೆಗಿಳಿದು, ಬಹಳ ದೂರ ನಡೆದ ಮೇಲೆ ಇದು ನಿಜವೋ ಅಥವಾ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು ಗೊತ್ತಾಗದೆ ನಿಂತಿದ್ದೀರಾ? ವಿಶಾಖಪಟ್ಟಣದಲ್ಲಿ ನನಗೆ ತಿಂಗಳುಗಟ್ಟಲೆ ಹಾಗೇ ಆಗಿತ್ತು.

ತಪ್ಪು ನನ್ನದಲ್ಲ, ಆ ಊರಿನ ಬೆಳಗಿನದು. ಅಲ್ಲಿ ಬೆಳಗಿನ ಹೊತ್ತು ಬೀಚ್ ರಸ್ತೆಗೆ ವಾಹನ ಬಿಡುವುದಿಲ್ಲ. ಹಗಲೆಲ್ಲ ಹಾರ್ನ್ ಹೊಡೆದುಕೊಂಡು ಓಡುವ ಅಷ್ಟಗಲದ ರಸ್ತೆಯಲ್ಲಿ ಆ ಹೊತ್ತಿಗೆ ಬರೀ ಕಾಲುಗಳು. ಬಿಳಿ ಬನಿಯನ್ನಿನ ತಾತಂದಿರು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ಅಮ್ಮಂದಿರು, ಗಾಳಿಗೆ ಎತ್ತೆತ್ತಲೋ ಹಾರುವ ಶಟಲ್ ಕಾಕ್ ಹಿಡಿಯಲು ಓಡುವ ಗಂಡ ಹೆಂಡಿರು. ಸಮುದ್ರದ ಮೇಲೆ ಹಬೆಯಂಥ ಮಂಜು. ಅದರಾಚೆ ಬಂದರಿನೊಳಕ್ಕೆ ಹೋಗಲು ಸರದಿ ಕಾಯುವ ಹಡಗುಗಳ ದೀಪಗಳು. ನೀರಿನ ಮೇಲೆ ಇನ್ನೊಂದು ಊರಿದೆ, ಅಲ್ಲಿನವರು ಇನ್ನೂ ದೀಪ ಆರಿಸಿಲ್ಲ ಅನ್ನಿಸುತ್ತದೆ. ಅಂಥ ಕಡೆ ಯಾರಿಗೆ ತಾನೇ ಪೂರ್ತಿ ಎಚ್ಚರವಾಗುತ್ತದೆ?

ನಾನು ಬ್ಯಾಂಕಿನವಳು. ದಾವಣಗೆರೆ ಕಡೆಯವಳು. ವರ್ಗವಾಗಿ ಅಲ್ಲಿಗೆ ಹೋದಾಗ ವಯಸ್ಸು ಐವತ್ತರ ಹತ್ತಿರ, ತೂಕ ಎಷ್ಟೆಂದು ಕೇಳಬೇಡಿ. ಡಾಕ್ಟರ್ ನಡೆಯಿರಿ ಎಂದರು. ಒಬ್ಬಳೇ ನಡೆಯಲು ಬೇಜಾರೆಂದು, ಕರ್ನಾಟಕದಿಂದ ಬಂದ ಬ್ಯಾಂಕಿನವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ವಾಕಿಂಗ್ ಗುಂಪು ಕಟ್ಟಿದೆ. ಎಲ್ಲರೂ ಸೇರಿದರು. ಒಬ್ಬರೂ ನಡೆಯಲಿಲ್ಲ. ದಿನಾ ಬೆಳಿಗ್ಗೆ ತಮ್ಮ ತಮ್ಮ ಬಾಲ್ಕನಿಯಿಂದ ಸೂರ್ಯೋದಯದ ಫೋಟೋ ಕಳಿಸುತ್ತಿದ್ದರು. ಕೆಳಗೆ ಕೈ ಮುಗಿದ ಚಿತ್ರ. ಸೂರ್ಯನೊಬ್ಬನೇ ಪಾಪ, ದಿನಾ ಎದ್ದು ನಡೆಯುತ್ತಿದ್ದವನು.

ನಿಜವಾಗಿ ನನ್ನ ಜೊತೆ ರಸ್ತೆಗಿಳಿದವರು ಆ ಗುಂಪಿನಲ್ಲೇ ಇಲ್ಲದ ಒಬ್ಬರು. ನಮ್ಮ ನಾಲ್ಕನೇ ಮಹಡಿಯ ಎದುರು ಮನೆಯ ಅಕ್ಕ. ಹೊಸಪೇಟೆಯಲ್ಲಿ ಹುಟ್ಟಿ, ಬಂದರಿನಲ್ಲಿ ಕೆಲಸದಲ್ಲಿದ್ದ ತೆಲುಗಿನವರನ್ನು ಮದುವೆಯಾಗಿ, ಮೂವತ್ತು ವರ್ಷದಿಂದ ಅಲ್ಲೇ ಇದ್ದವರು. ಅವರ ಗಂಡನನ್ನು ನಾನು ಬಾವಗಾರು ಎನ್ನುತ್ತಿದ್ದೆ. ಅಕ್ಕನಿಗೆ ನನ್ನ ಜೊತೆ ಕನ್ನಡ, ಗಂಡನ ಜೊತೆ ತೆಲುಗು. ಮಂಡಿ ನೋವಿನ ಜೊತೆ ಮಾತ್ರ ಎರಡೂ.

ಆಕೆ ಮನೆಯಿಂದ ಹೊರಗೆ ಬೀಳುವುದನ್ನೇ ಬಿಟ್ಟಿದ್ದರು. ನಾನು ಕರೆದಾಗ ಮೊದಲು ಹೇಳಿದ್ದು ಇದು:

"ನನ್ನಿಂದ ಆಗಂಗಿಲ್ಲ ತಂಗಿ. ಮಂಡಿ ಒಳಗ ಯಾರೋ ಕೂತು ಶೇಂಗಾ ಒಡೆದಂಗ ಸಪ್ಪಳ ಬರ್ತೈತಿ."

"ಒಡೀಲಿ ಬಿಡ್ರಿ ಅಕ್ಕಾರೆ. ದಾರಿಗೆ ತಿನ್ನಾಕೆ ಆಯ್ತು."

ನಕ್ಕರು, ಬರಲಿಲ್ಲ. ಆಮೇಲೆ ಒಂದು ದಿನ ವಿಜಯವಾಡದಿಂದ ಫೋನ್ ಬಂತು. ಅಕ್ಕನ ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಅವಳು ಬಸುರಿ, ಮೊದಲ ಹೆರಿಗೆ. ಸೀಮಂತ ಮುಗಿದ ಮೇಲೆ ತವರಿನವರು ಹೋಗಿ ಬೊಟ್ಟಿಟ್ಟು ಮಗಳನ್ನು ಕರೆದುಕೊಂಡು ಬರಬೇಕು, ಹೆರಿಗೆ, ಬಾಣಂತನ ತಾಯಿ ಮನೆಯಲ್ಲೇ ಆಗಬೇಕು. ನಮ್ಮಲ್ಲೂ ಹಾಗೇ, ಅಲ್ಲೂ ಹಾಗೇ. ಆದರೆ ಮಗಳ ಅತ್ತೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವರ ಮನೆ ಹಳೆಯ ಕಟ್ಟಡದ ಮೂರನೇ ಮಹಡಿ, ಲಿಫ್ಟ್ ಇಲ್ಲ. "ಮೂರು ಮಹಡಿ ಹತ್ತಲಾರದವರು ಬಾಣಂತನ ಹೇಗೆ ಮಾಡುತ್ತಾರೆ? ಮಗು ಇಲ್ಲೇ ಆಗಲಿ ಬಿಡಿ."

ಮಾರನೆಯ ದಿನ ನಾನು ಬಾಗಿಲು ತೆರೆದಾಗ ಅಕ್ಕ ಶೂ ಹಾಕಿಕೊಂಡು ನಿಂತಿದ್ದರು. ಗಂಡನ ಹಳೆಯ ಶೂ. ಲೇಸ್ ಕಟ್ಟಿರಲಿಲ್ಲ, ಬಗ್ಗಲು ಆಗುತ್ತಿರಲಿಲ್ಲ. ನಾನು ಕೂತು ಕಟ್ಟಿದೆ.

"ಆಕಿ ಬಾಯಿ ಮುಚ್ಚಿಸಬೇಕು ತಂಗಿ. ನಡಿ."

ಹೀಗೆ ಶುರುವಾಯಿತು. ಮೊದಮೊದಲು ಎರಡು ದೀಪದ ಕಂಬ, ಆಮೇಲೆ ಒಂದು ಬೆಂಚು. ಕೂತು ಸಮುದ್ರ ನೋಡುವುದು, ಮತ್ತೆ ಎರಡು ಕಂಬ. ಅಕ್ಕ ಹೆಜ್ಜೆಗೊಂದು ಮಾತು ಆಡುತ್ತಿದ್ದರು. ಮಾತು ನಿಂತರೆ ನೋವು ಹೆಚ್ಚಾಗಿದೆ ಎಂದು ನನಗೆ ಅರ್ಥವಾಗುತ್ತಿತ್ತು. ಮಂಜಿನೊಳಗಿಂದ ಯಾರೋ ನಗುತ್ತಾ ಬಂದು, ಪಕ್ಕದಲ್ಲಿ ಹಾದು, ಮತ್ತೆ ಮಂಜಾಗಿ ಹೋಗುತ್ತಿದ್ದರು. ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ರಾಗಿ ಜಾವ, ಅಂದರೆ ನಮ್ಮ ಅಂಬಲಿಯೇ, ಲೋಟದಲ್ಲಿ. ಅದು ಗಂಟಲಿಗೆ ಇಳಿದಾಗಲೇ ನನಗೆ ನಿಜವಾಗಿ ಎಚ್ಚರವಾಗುತ್ತಿದ್ದದ್ದು.

ಒಂದು ದಿನ ಅಕ್ಕ ನನ್ನ ವಾಟ್ಸಾಪ್ ಗುಂಪಿನ ಕಥೆ ಕೇಳಿ, "ಫೋನಿನಾಗ ಕರೆದ್ರ ಯಾರು ಬರ್ತಾರವ್ವ? ಇಲ್ಲಿಯವರು ಹೆಂಗ ಕರೀತಾರ ಗೊತ್ತಿಲ್ಲೇನು? ಬೊಟ್ಟಿಟ್ಟು ಕರೀಬೇಕು" ಎಂದರು. ಮದುವೆಗೋ ಪೂಜೆಗೋ ಕರೆಯುವಾಗ ತೆಲುಗು ಹೆಂಗಸರು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗುತ್ತಾರೆ, ಮನೆಯಾಕೆಯ ಹಣೆಗೆ ಬೊಟ್ಟಿಟ್ಟು ಬನ್ನಿ ಎನ್ನುತ್ತಾರೆ. ಹಾಗೆ ಬೊಟ್ಟಿಟ್ಟರೆ ಇಲ್ಲ ಅನ್ನುವಂತಿಲ್ಲ. ಅಕ್ಕ ಭರಣಿ ಹಿಡಿದರು, ನಾನು ಹಿಂದೆ. ನಮ್ಮ ಕಟ್ಟಡದ ಬಾಗಿಲು ಬಾಗಿಲಿಗೆ ಹೋಗಿ, ವಾಕಿಂಗಿಗೆ ಬನ್ನಿ ಎಂದು ಬೊಟ್ಟಿಟ್ಟೆವು. ಜನ ಬಿದ್ದು ಬಿದ್ದು ನಕ್ಕರು. ಆದರೆ ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಹೆಂಗಸರ ಒಂದು ಗುಂಪೇ ಆಕಳಿಸುತ್ತಾ ನಿಂತಿತ್ತು.

ಎರಡನೇ ಮಹಡಿಯಲ್ಲಿ ಕಸ್ಟಮ್ಸ್‌ನಲ್ಲಿದ್ದು ನಿವೃತ್ತರಾದ ಒಬ್ಬರು, ಸದಾ ಪೇಪರ್ ಹಿಡಿದವರು, ಮೆಟ್ಟಿಲ ಬಳಿ ನಿಂತು ತೆಲುಗಿನಲ್ಲಿ ಕೇಳಿದರು: "ನನಗಿಲ್ಲವಾ ಬೊಟ್ಟು?"

ಅಕ್ಕ ತಿರುಗಿ ತೆಲುಗಿನಲ್ಲೇ, "ನಿಮಗೆ ಬೊಟ್ಟು ಯಾಕಂಡಿ, ನಿಮ್ಮ ಪೇಪರ್ ಸಮುದ್ರಕ್ಕೆ ಎಸೆದರೆ ನೀವೇ ಹಿಂದೆ ಓಡಿ ಬರುತ್ತೀರಿ" ಎಂದರು.

ಎಲ್ಲ ಚೆನ್ನಾಗಿತ್ತು. ಚಳಿಗಾಲದ ಹೊತ್ತಿಗೆ ಅಕ್ಕ ಬೀಚ್ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಅಲ್ಲದಿದ್ದರೂ ಒಂದೇ ಮಾತಿಗೆ ನಡೆದುಬಿಡುತ್ತಿದ್ದರು. ಒಂದು ಭಾನುವಾರ ಬಾವಗಾರು ಕಾರಿನಲ್ಲಿ ಭೀಮುನಿಪಟ್ಟಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೀನುಗಾರರ ದೋಣಿಗಳ ನಡುವೆ, ಒದ್ದೆ ಮರಳಿನ ಮೇಲೆ, ಅಕ್ಕ ಬರಿಗಾಲಲ್ಲಿ ನಮ್ಮನ್ನೂ ಹಿಂದೆ ಹಾಕಿ ನಡೆದರು. ದೂರದಿಂದ ನೋಡಿದರೆ ಬೇರೆ ಯಾರೋ ಹುಡುಗಿ ಹೋಗುತ್ತಿದ್ದ ಹಾಗಿತ್ತು. ನಾನು ಮನಸ್ಸಿನಲ್ಲೇ ಆ ಬೀಗಿತ್ತಿಗೆ ಉತ್ತರ ಕೊಟ್ಟು ಮುಗಿಸಿದ್ದೆ.

ಆಮೇಲೆ ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ಲಿಫ್ಟ್ ಕೆಟ್ಟಿತ್ತು.

ಅಕ್ಕ ನಗುತ್ತಲೇ ಮೆಟ್ಟಿಲಿಗೆ ಕಾಲಿಟ್ಟರು. ಮೊದಲ ತಿರುವಿಗೆ ಬರುವಷ್ಟರಲ್ಲಿ ಮಾತು ನಿಂತಿತು. ಕಂಬಿ ಹಿಡಿದ ಕೈ ಬೆಳ್ಳಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ತಂಗಿ," ಎಂದರು, "ಬೀಚ್ ರೋಡಿನಾಗ ಒಂದು ಮೆಟ್ಟಿಲೂ ಇಲ್ಲಲ್ಲೇ."

ಸಪಾಟಾದ ರಸ್ತೆಯಲ್ಲಿ ಮುನ್ನಡೆದು ಮುನ್ನಡೆದು, ನಾವು ಏರಬೇಕಾದ್ದನ್ನೇ ಮರೆತಿದ್ದೆವು. ಹೋಗಬೇಕಾಗಿದ್ದದ್ದು ಮುಂದಕ್ಕಲ್ಲ, ಮೇಲಕ್ಕೆ. ಇಷ್ಟು ದಿನ ಸಮುದ್ರ ತೋರಿಸಿ ಮಂಡಿಗೆ ಮೋಸ ಮಾಡಿದ್ದೆವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರಲ್ಲ.

"ಆಕಿ ಹೇಳಿದ್ದು ಸುಳ್ಳಲ್ಲ ತಂಗಿ. ನನ್ನ ಮಗಳು ಅಲ್ಲೇ ಇರಲಿ."

ಎರಡನೇ ಮಹಡಿಯ ಪೇಪರಿನವರು ಸದ್ದು ಕೇಳಿ ಇಳಿದು ಬಂದರು. ಈ ಸಲ ತಮಾಷೆ ಮಾಡಲಿಲ್ಲ. ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ತಿರುವಿನಲ್ಲಿಟ್ಟರು. ಅಕ್ಕ ಕೂತರು, ನೀರು ಕುಡಿದರು, ಇನ್ನೊಂದು ತಿರುವು ಹತ್ತಿದರು. ಕುರ್ಚಿಯೂ ಅವರ ಹಿಂದೆಯೇ ಹತ್ತಿತು. ಹಾಗೆ ಕೂತು, ಎದ್ದು, ಕೂತು ಮನೆ ಮುಟ್ಟಿದಾಗ ಬಿಸಿಲು ಏರಿತ್ತು.

ಆ ಕುರ್ಚಿ ನೋಡಿಯೇ ನನಗೆ ಹೊಳೆದದ್ದು. ಸಂಜೆ ಕಟ್ಟಡದವರೆಲ್ಲ ಸೇರಿದಾಗ ಹೇಳಿದೆ: ಊರೇ ಬೆಳಿಗ್ಗೆ ಬೀಚ್ ರಸ್ತೆಗೆ ವಾಹನ ಬಿಡುವುದಿಲ್ಲ. ನಾವೂ ಅದೇ ಹೊತ್ತು ಲಿಫ್ಟ್ ನಿಲ್ಲಿಸೋಣ, ಮಹಡಿಗೊಂದು ಕುರ್ಚಿ ಇಟ್ಟು ಮೆಟ್ಟಿಲು ಹತ್ತೋಣ. ಏನು ಗಲಾಟೆ! ಹಾಲಿನವನು ಹೇಗೆ ಬರಬೇಕು, ಗ್ಯಾಸ್ ಸಿಲಿಂಡರ್ ಹೇಗೆ, ನೀವು ಇವತ್ತಿದ್ದು ನಾಳೆ ವರ್ಗವಾಗಿ ಹೋಗುವವರು, ನಿಮಗೇನು. ಕೊನೆಗೆ ಪೇಪರಿನವರೇ ಎದ್ದು, "ಲಿಫ್ಟಿಗೂ ವಯಸ್ಸಾಗಿದೆ, ಬೆಳಿಗ್ಗೆ ಸ್ವಲ್ಪ ಮಲಗಲಿ ಬಿಡಿ" ಎಂದರು. ಕೈಲಾಗದವರು ಬೆಲ್ ಒತ್ತಿದರೆ ವಾಚ್‌ಮನ್ ಲಿಫ್ಟ್ ಹಾಕಿಕೊಡುವುದು ಎಂದು ಒಪ್ಪಂದವಾಯಿತು. ಅಕ್ಕ ಆ ಬೆಲ್ ಒತ್ತಲೇ ಇಲ್ಲ.

ಆ ಬೆಳಗುಗಳನ್ನು ಹೇಗೆ ಹೇಳಲಿ? ಮೆಟ್ಟಿಲುಗಳ ಕಿಟಕಿಯಿಂದ ಹಾಲಿನಂಥ ಬೆಳಕು ಇಳಿಯುತ್ತಿತ್ತು. ಪ್ರತಿ ಮಹಡಿಯಲ್ಲೂ ಒಂದು ಕುರ್ಚಿ, ಒಂದು ತೆರೆದ ಬಾಗಿಲು. ಒಂದನೇ ಮಹಡಿಯಲ್ಲಿ ಕೊತ್ತಂಬರಿ ಬಿಡಿಸುವ ವಾಸನೆ, ಎರಡನೆಯದರಲ್ಲಿ ಪೇಪರ್ ಮಡಿಸುವ ಸದ್ದು, ಮೂರನೆಯದರಲ್ಲಿ ಯಾವುದೋ ಮಗು ಹಾಸಿಗೆಯಿಂದಲೇ ರಾಗ ಎಳೆಯುವುದು. ಮನೆಮನೆಯ ನಿದ್ದೆಯ ನಡುವೆ ನಾವು ಮೆಲ್ಲಗೆ ತೇಲಿಕೊಂಡು ಮೇಲೆ ಹೋಗುತ್ತಿದ್ದೆವು. ಫಿಸಿಯೋಥೆರಪಿ ಡಾಕ್ಟರ್ ಒಂದು ಸೂತ್ರ ಹೇಳಿಕೊಟ್ಟಿದ್ದರು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅಕ್ಕ ಅದನ್ನು ಜಪದಂತೆ ಗೊಣಗುತ್ತಿದ್ದರು. ಪ್ರತಿ ಕುರ್ಚಿಯಲ್ಲಿ ಕೂತು ಎರಡು ಮಾತು, ಮತ್ತೆ ಎದ್ದು ಒಳ್ಳೆ ಕಾಲು ಮೊದಲು. ಸೀಮಂತದ ದಿನ ಹತ್ತಿರ ಬರುವ ಹೊತ್ತಿಗೆ ನಾಲ್ಕನೇ ಮಹಡಿ ನಮಗೆ ದೂರದ ಊರಾಗಿ ಉಳಿದಿರಲಿಲ್ಲ.

ವಿಜಯವಾಡಕ್ಕೆ ಹೊರಡುವಾಗ ಬಾವಗಾರು, "ವಿಮಾನದಲ್ಲಿ ವಿಜಯವಾಡದ ಗನ್ನವರಂ ನಿಲ್ದಾಣಕ್ಕೆ ಹೋಗೋಣ, ಅಲ್ಲಿ ಗಾಲಿಕುರ್ಚಿ ಕೊಡುತ್ತಾರೆ" ಎಂದರು.

"ಗಾಲಿಕುರ್ಚಿ ಮ್ಯಾಲೆ ಹೋಗಿ ಇಳಿದ್ರ ಬೀಗಿತ್ತಿಗೆ ಬ್ಯಾರೆ ಸಾಕ್ಷಿ ಬೇಕೇನು?" ಎಂದು ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಗಂಡನಿಗೆ ತೆಲುಗಿನಲ್ಲಿ ಬರೀ "ರೈಲು" ಎಂದರು.

ನಾನೂ ರಜೆ ಹಾಕಿ ಹೋದೆ. ಮುಂಜಾನೆಯ ರೈಲು. ಕಿಟಕಿಯಾಚೆ ಹಸಿರು ಗದ್ದೆಗಳು, ಕಾಲುವೆಗಳು ಓಡುತ್ತಿದ್ದವು. ಅಕ್ಕನ ಮಡಿಲಲ್ಲಿ ಕುಂಕುಮದ ಭರಣಿ. ಮೇಲಿನ ಹಲಗೆಯಲ್ಲಿ ಮಗಳಿಗೆ ಕೊಡಬೇಕಾದ ಸೀರೆ, ಬಳೆ, ಮಿಠಾಯಿ ಡಬ್ಬಗಳು. ನಾನು ನಿದ್ದೆ ಹೋದೆ. ಕನಸಿನಲ್ಲೂ ಮೆಟ್ಟಿಲು ಹತ್ತುತ್ತಿದ್ದೆ, ಮುಗಿಯುತ್ತಲೇ ಇರಲಿಲ್ಲ.

ವಿಜಯವಾಡದಲ್ಲಿ ಇಳಿದರೆ ಬಿಸಿಲೇ ಕೈ ಹಿಡಿದು ಎಳೆಯಿತು. ಆ ಹಳೆಯ ಕಟ್ಟಡ ಕಾಲುವೆಯ ಪಕ್ಕದ ಬೀದಿಯಲ್ಲಿತ್ತು. ಮೂರನೇ ಮಹಡಿಯ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಒಂದು ಬುಟ್ಟಿ ಇಳಿಯುತ್ತಿತ್ತು. ಕೆಳಗೆ ತಳ್ಳುಗಾಡಿಯ ತರಕಾರಿಯವನು ಅದಕ್ಕೆ ಬೆಂಡೆಕಾಯಿ ತುಂಬಿ ಹಗ್ಗ ಜಗ್ಗಿದ, ಬುಟ್ಟಿ ಮೇಲೆ ಹೋಯಿತು. ಬಾವಗಾರು ಡಬ್ಬಗಳನ್ನು ಹೊತ್ತುಕೊಂಡು ಮುಂದೆ ಹೋದರು.

ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಒಂದನೇ ಮಹಡಿ ಹತ್ತಿದೆವು. ಕುರ್ಚಿ ಇಲ್ಲ. ಎಸಿ ಹಾಕಿಕೊಂಡ ಮನೆಗಳು, ಎಲ್ಲ ಬಾಗಿಲೂ ಮುಚ್ಚಿವೆ. ಕೊತ್ತಂಬರಿ ವಾಸನೆಯಿಲ್ಲ, ಪೇಪರ್ ಇಲ್ಲ, ಮಾತಿಲ್ಲ. ಅಕ್ಕನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಾವು ಕಲಿತದ್ದು ಹತ್ತುವುದನ್ನಲ್ಲ, ಕೂತು ಮಾತಾಡಿ ಹತ್ತುವುದನ್ನು. ಇಲ್ಲಿ ಕೂರಲು ಜಾಗವೂ ಇಲ್ಲ, ಮಾತಿಗೆ ಜನರೂ ಇಲ್ಲ.

"ಅಕ್ಕಾರೆ, ಮೆಟ್ಟಿಲ ಮ್ಯಾಲೇ ಕುಂತು ಬಿಡ್ರಿ ಒಂದೀಟು."

"ಮ್ಯಾಲಿಂದ ನೋಡಿದ್ರ?" ಎಂದರು. ಭರಣಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅದನ್ನೇ ನೋಡಿದರು. ಆಮೇಲೆ ಎದುರಿಗಿದ್ದ ಬಾಗಿಲಿನ ಬೆಲ್ ಒತ್ತಿಬಿಟ್ಟರು!

ನೈಟಿಯ ಮೇಲೆ ಟವೆಲ್ ಹೊದ್ದ ಒಬ್ಬಾಕೆ ಬಾಗಿಲು ತೆರೆದಳು. ಅಕ್ಕ ತೆಲುಗಿನಲ್ಲಿ, "ನಾನು ಮೇಲಿನ ಮನೆ ಸೊಸೆಯ ತಾಯಿ ಅಮ್ಮಾ, ವಿಶಾಖಪಟ್ಟಣದಿಂದ ಬಂದೆ. ಇವತ್ತು ಮಗಳಿಗೆ ಬಳೆ ತೊಡಿಸುತ್ತೇವೆ, ತಪ್ಪದೆ ಬರಬೇಕು" ಎಂದು ಹಣೆಗೆ ಬೊಟ್ಟಿಟ್ಟರು. ಬೊಟ್ಟಿಟ್ಟವರನ್ನು ಬಾಗಿಲಲ್ಲೇ ಕಳಿಸುವುದುಂಟೇ? ಫ್ಯಾನಿನ ಕೆಳಗೆ ಕುರ್ಚಿ ಬಂತು. ತಣ್ಣನೆ ಮಜ್ಜಿಗೆ ಬಂತು. ಅಕ್ಕ ಮೊದಲ ಬಾರಿಗೆ ಆ ಕಟ್ಟಡದಲ್ಲಿ ಕಾಲು ಚಾಚಿ ಕೂತರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆ ಮಹಡಿಯ ಉಳಿದ ಬಾಗಿಲುಗಳಿಗೂ ಬೊಟ್ಟು ಹೋಯಿತು, ಹೆಂಗಸರು ಸೀರೆಯುಟ್ಟು ನಮ್ಮ ಹಿಂದೆಯೇ ಹೊರಟರು.

ಎರಡನೇ ಮಹಡಿಯಲ್ಲಿ ಬಾಗಿಲು ತೆರೆದ ಹೆಂಗಸು ಬರಿಹಣೆಯವರು. ಭರಣಿ ನೋಡಿ ಹಿಂದೆ ಸರಿದರು, "ನನಗೆ ಬೇಡಮ್ಮಾ" ಎಂದರು. ಆಕೆ ಸರಿದಷ್ಟೂ ಅಕ್ಕ ಮುಂದೆ ಹೋಗಿ, "ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಇಡುತ್ತೇವೆ" ಎಂದು ಇಟ್ಟೇಬಿಟ್ಟರು. ಆಕೆ ಕುರ್ಚಿ ತಂದಿಟ್ಟರು. ಆಮೇಲೆ ಆಕೆಯೇ ಅಕ್ಕನ ಮೊಣಕೈ ಹಿಡಿದು ಎಬ್ಬಿಸಿದರು. ಎಲ್ಲರೂ ಒಟ್ಟಿಗೆ ಹತ್ತಿದೆವು.

ಮೂರನೇ ಮಹಡಿಯ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ಅಲ್ಲಿ ಬೀಗಿತ್ತಿಯರು ಒಬ್ಬರನ್ನೊಬ್ಬರು ವದಿನಗಾರು ಎನ್ನುತ್ತಾರೆ. ಅಕ್ಕ ಕೊನೆಯ ಮೆಟ್ಟಿಲಿಗೆ ಒಳ್ಳೆ ಕಾಲಿಟ್ಟು, ಇನ್ನೊಂದನ್ನೂ ಎಳೆದು ನಿಲ್ಲಿಸಿ, "ಬಂದೆ ವದಿನಗಾರೂ" ಎಂದರು. ಹಿಂದೆ ಬೊಟ್ಟಿಟ್ಟುಕೊಂಡ ಹೆಂಗಸರ ಸಾಲು. ಬೀಗಿತ್ತಿಯ ಮುಖದಲ್ಲಿ ಮೊದಲು ಕಂಡದ್ದು ಗಾಬರಿ. ಇಷ್ಟು ಜನಕ್ಕೆ ಪುಳಿಯೋಗರೆ ಸಾಲುತ್ತದಾ ಎಂದು!

ಮಗಳು ಒಳಗಿಂದ ಹೊಟ್ಟೆ ಹಿಡಿದುಕೊಂಡು ಬಂದು ತಾಯಿಯ ಮಂಡಿಯನ್ನೇ ನೋಡಿದಳು. "ಅಮ್ಮಾ, ನಿಜಂಗಾ ಎಕ್ಕಾವಾ? ನಿಜವಾಗಿ ಹತ್ತಿದ್ಯಾ?" ಎಂದು ಎರಡು ಭಾಷೆಯಲ್ಲೂ ಕೇಳಿದಳು. ಒಂದು ಭಾಷೆಯಲ್ಲಿ ನಂಬಿಕೆ ಬರಲಿಲ್ಲವೇನೋ.

ಬಳೆ ತೊಡಿಸಿದರು, ಆರತಿಯಾಯಿತು, ಪುಳಿಯೋಗರೆ ಅರ್ಧರ್ಧ ಹಂಚಿಕೊಂಡು ತಿಂದೆವು. ಕೊನೆಗೆ ಅಕ್ಕ ಮಗಳ ಹಣೆಗೆ ಬೊಟ್ಟಿಟ್ಟು, "ಕರೆದುಕೊಂಡು ಹೋಗಲಾ?" ಎಂದು ಬೀಗಿತ್ತಿಯನ್ನು ಕೇಳಿದರು.

"ಹತ್ತಿದಿರಿ, ಸರಿ," ಎಂದರು ಬೀಗಿತ್ತಿ. "ಇಳಿಯಬೇಕಲ್ಲ. ಇಳಿಯುವುದೇ ಕಷ್ಟ."

ಅದು ಚುಚ್ಚು ಮಾತಲ್ಲ, ಹೇಳಿದ ರೀತಿ ಬೇರೆ ಇತ್ತು. ಅಕ್ಕ ಅವರನ್ನು ನೋಡಿದರು. ಬಾಲ್ಕನಿಯ ಹಗ್ಗ, ಬುಟ್ಟಿ ನೋಡಿದರು. "ವದಿನಗಾರೂ, ನೀವು ಕೆಳಗೆ ಇಳಿದು ಎಷ್ಟು ದಿನವಾಯಿತು?"

ಮಗಳೇ ತಲೆ ತಗ್ಗಿಸಿ, "ಹೋದ ದಸರಾಕ್ಕೂ ಇಳೀಲಿಲ್ಲಮ್ಮ" ಎಂದಳು. ಹಾಲು, ತರಕಾರಿ, ಔಷಧ, ಎಲ್ಲ ಆ ಬುಟ್ಟಿಯಲ್ಲೇ. ಆಕೆಯ ಮಂಡಿಯೊಳಗೂ ಯಾರೋ ಕೂತು ಶೇಂಗಾ ಒಡೆಯುತ್ತಿದ್ದರು. ತನ್ನಿಂದಾಗದ್ದು ಇನ್ನೊಬ್ಬರಿಂದ ಹೇಗಾಗುತ್ತದೆ ಎಂಬ ಲೆಕ್ಕ ಆಕೆಯದು.

"ಹಾಗಾದರೆ ಗೇಟಿನವರೆಗೆ ನೀವೇ ಬಂದು ಸೊಸೆಯನ್ನು ಕಳಿಸಿಕೊಡಬೇಕು," ಎಂದು ಅಕ್ಕ ಭರಣಿ ತೆಗೆದು ಬೀಗಿತ್ತಿಯ ಹಣೆಗೂ ಬೊಟ್ಟಿಟ್ಟರು. ಇಲ್ಲ ಅನ್ನುವಂತಿಲ್ಲ.

ಮೆಟ್ಟಿಲ ತಲೆಯಲ್ಲಿ ಬೀಗಿತ್ತಿ ನಿಂತುಬಿಟ್ಟರು. "ನೋವಿನ ಕಾಲು ಮೊದಲು," ಎಂದರು ಅಕ್ಕ. ಒಬ್ಬರು ಕಂಬಿ ಹಿಡಿದರು, ಇನ್ನೊಬ್ಬರು ಅವರ ತೋಳು. ಹಿಂದೆ ಬಸುರಿ ಹುಡುಗಿ ನನ್ನ ಕೈ ಹಿಡಿದು. ಪ್ರತಿ ಮಹಡಿಯಲ್ಲಿ ಬಾಗಿಲುಗಳು ತೆರೆದಿದ್ದವು, ಒಳಗಿನ ತಂಪು ಮೆಟ್ಟಿಲಿಗೆ ಹರಿಯುತ್ತಿತ್ತು, ಕುರ್ಚಿಗಳು ಹೊರಗೆ ಬಂದಿದ್ದವು. ಎಷ್ಟು ಹೊತ್ತು ಹಿಡಿಯಿತೋ! ನನಗೆ ಮತ್ತೆ ಆ ರೈಲಿನ ಕನಸಿನಲ್ಲಿದ್ದ ಹಾಗೆ, ಆದರೆ ಈ ಸಲ ಮೆಟ್ಟಿಲು ಮುಗಿಯಿತು.

ಗೇಟಿನ ಬಳಿ ತರಕಾರಿಯವನು ಇನ್ನೂ ಇದ್ದ. ಬೀಗಿತ್ತಿಯ ದನಿ ಕೇಳಿ ತಿರುಗಿ, ಮೇಲಿನ ಬಾಲ್ಕನಿ ನೋಡಿ, ಮತ್ತೆ ಇವರನ್ನು ನೋಡಿ, "ಬುಟ್ಟಿ ಅಮ್ಮ ನೀವೇನಾ?" ಎಂದ. ಆಕೆ ನಕ್ಕರು. ಗಾಡಿಯಿಂದ ಒಂದು ಟೊಮೆಟೊ ಎತ್ತಿ, ಅಂಗೈಯಲ್ಲಿ ಒತ್ತಿ ನೋಡಿ, "ನನಗೆ ದಿನಾ ಮೆತ್ತಗಿನದೇ ತುಂಬುತ್ತಿದ್ದೀಯಲ್ಲ!" ಎಂದರು. ಆಮೇಲೆ ಸೊಸೆಯ ಕೆನ್ನೆ ಸವರಿ, ಅಕ್ಕನಿಗೆ, "ಹುಷಾರು, ಕರೆದುಕೊಂಡು ಹೋಗಿ" ಎಂದರು. ಆಟೋ ತಿರುವು ದಾಟುವವರೆಗೂ ಆಕೆ ಬೀದಿಯಲ್ಲೇ ನಿಂತಿದ್ದರು. ಮೇಲೆ ಬುಟ್ಟಿ ಖಾಲಿ ತೂಗುತ್ತಿತ್ತು.

ಮೊಮ್ಮಗಳು ವಿಶಾಖಪಟ್ಟಣದಲ್ಲೇ ಹುಟ್ಟಿದಳು. ಬಾಣಂತನದ ಎಣ್ಣೆ ನೀರು ಎಲ್ಲ ಅಕ್ಕನದೇ. ಮಗು ಸ್ವಲ್ಪ ದೊಡ್ಡದಾದ ಮೇಲೆ ಒಂದು ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಲಿಫ್ಟ್ ಮಲಗಿದ್ದ ಹೊತ್ತಿನಲ್ಲೇ ಮೆಟ್ಟಿಲಿಳಿದು ಬೀಚ್ ರಸ್ತೆಗೆ ಬಂದರು. ಮಂಜಿನಲ್ಲಿ ಹಡಗಿನ ದೀಪಗಳು ಹಾಗೇ ಇದ್ದವು. ಮಗು ಕಣ್ಣು ಬಿಟ್ಟುಕೊಂಡು ಆ ತೇಲುವ ಊರನ್ನು ನೋಡುತ್ತಿತ್ತು. ಅಕ್ಕ ಮಾತಾಡುತ್ತಲೇ ಇದ್ದರು.

ನನಗೆ ಈಗ ಮತ್ತೆ ವರ್ಗವಾಗಿದೆ, ಬೇರೆ ಊರು, ಬೇರೆ ಲಿಫ್ಟ್. ಭರಣಿಯೊಂದನ್ನು ಕೊಂಡಿದ್ದೇನೆ.

ನಿಮ್ಮ ಬೀದಿಯಲ್ಲಿ, ನಿಮ್ಮ ಕಟ್ಟಡದಲ್ಲಿ ಮನೆ ಬಿಟ್ಟು ಇಳಿಯದೆ ಕೂತವರನ್ನು ಯಾರು ಇಳಿಸಿದರು, ಹೇಗೆ ಇಳಿಸಿದರು? ಅಥವಾ ಇಳಿದವರು ನೀವೇನಾ? ಕೆಳಗೆ ಬರೆಯಿರಿ, ಉದ್ದವಾದರೂ ಪರವಾಗಿಲ್ಲ, ಒಂದೂ ಬಿಡದೆ ಓದುತ್ತೇನೆ. ಬಾಲ್ಕನಿಯಿಂದ ತೆಗೆದ ಸೂರ್ಯೋದಯದ ಫೋಟೋ ಮಾತ್ರ ಬೇಡ.